ಎಸ್‌ಎಂಪಿಎಸ್ ಮೀಮಾಂಸೆ: ಗಣಕಮರಣದ ಪ್ರಮಾಣವಿಚಾರ

ಮೇಜಿನ ಕೆಳಗೆ ಕೂತ ಕಂಪ್ಯೂಟರು ಇದ್ದಕ್ಕಿದ್ದಂತೆ ಸಾಯುವುದು, ಆ ಸಾವಿನ ಹೊಣೆಯನ್ನು ಯಾರ ತಲೆಗೆ ಕಟ್ಟಬೇಕೆಂಬುದು, ಇವೆರಡು ಪ್ರಸ್ತುತ ಅಧ್ಯಯನದ ವ್ಯಾಪ್ತಿ. ಮಿತಿಗಳಿಲ್ಲ. ಈ ಕ್ಷೇತ್ರದ ಪೂರ್ವಸೂರಿಗಳ ಚಿಂತನೆಯೆಲ್ಲ ಮೌಖಿಕ ಪರಂಪರೆಗೆ ಸೇರಿದ್ದು. ಅದರಲ್ಲಿ ಮೂರು ಪ್ರಸ್ಥಾನಗಳನ್ನು ಗುರುತಿಸಬಹುದು: ‘ಫಾರ್ಮ್ಯಾಟ್ ಹೊಡೀಬೇಕು’ ಎನ್ನುವ ಶುದ್ಧೀಕರಣವಾದ, ‘ರ್‍ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ನೋಡಿ’ ಎನ್ನುವ ಘರ್ಷಣವಾದ, ‘ಮದರ್‌ಬೋರ್ಡೇ ಹೋಗಿದೆ ಸಾರ್’ ಎನ್ನುವ ಪರಿನಿರ್ವಾಣವಾದ. ಮೂರೂ ಪಂಥಗಳು ಪರಸ್ಪರ ಎಷ್ಟೇ ಜಗಳವಾಡಲಿ, ಒಂದು ತತ್ತ್ವದಲ್ಲಿ ಅವುಗಳಿಗೆ ಒಮ್ಮತವಿದೆ: ಏನನ್ನೂ ಅಳೆಯದೆಯೇ ಘೋಷಿಸಬಹುದಾದ ಕಾರಣವೇ ನಿಜವಾದ ಕಾರಣ. ಇದನ್ನು ನಾವು ‘ಅಮಾಪನ-ನಿಶ್ಚಯವಾದ’ ಎಂದು ಕರೆಯುತ್ತೇವೆ. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂತು ಇಡೀ ಯಂತ್ರಕ್ಕೆ ವಿದ್ಯುತ್ ಉಣಿಸುವ ಎಸ್‌ಎಂಪಿಎಸ್ ಎಂಬ ತಗಡಿನ ಪೆಟ್ಟಿಗೆ ಕೊನೆಯವರೆಗೂ ನಿರಪರಾಧಿಯಾಗಿ ಉಳಿಯುವುದು ಇದರಿಂದಲೇ. ಅದರ ಅಪರಾಧವನ್ನು ಸಾಬೀತು ಮಾಡಬೇಕಾದರೆ ಯಾರಾದರೂ ಬಗ್ಗಬೇಕು, ಮೀಟರ್ ಹಿಡಿಯಬೇಕು.

ಹಾಗೆ ಬಗ್ಗಿದವರಿಗೆ ಶಾಸ್ತ್ರ ಬಹಳ ಸರಳ. ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ವಿನ್ಯಾಸದ ಪ್ರಕಾರ ಈ ಪೆಟ್ಟಿಗೆ ಮುಖ್ಯವಾಗಿ ಮೂರು ನೇರವಿದ್ಯುತ್ ಸಾಲುಗಳನ್ನು ಕೊಡಬೇಕು: ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3. ಶೇ. 5ರಷ್ಟು ಆಚೀಚೆ ಆಗಬಹುದು. ಅಂದರೆ ಹಳದಿ ತಂತಿ 11.4ಕ್ಕಿಂತ ಕೆಳಗಿಳಿದರೆ, ಕೆಂಪು 4.75ಕ್ಕಿಂತ ಇಳಿದರೆ, ಪೆಟ್ಟಿಗೆ ತಪ್ಪಿತಸ್ಥ. ಇಷ್ಟನ್ನು ಒಂದು ಪುಟದಲ್ಲಿ ಬರೆದು ಮುಗಿಸಬಹುದು. ಆದರೆ ಒಂದು ಪುಟಕ್ಕೆ ಡಾಕ್ಟರೇಟ್ ಸಿಗುವುದಿಲ್ಲವಾದ್ದರಿಂದ, ವಿಷಯವನ್ನು ಪ್ರಮಾಣಶಾಸ್ತ್ರೀಯ ಪರಿಪ್ರೇಕ್ಷ್ಯದ ಬಹುಆಯಾಮಿ ಅನುಸಂಧಾನಕ್ಕೆ ಒಳಪಡಿಸುವುದು ಅನಿವಾರ್ಯವಾಗಿದೆ.

ಪ್ರಮಾಣಗಳು ಎಂಟು. ಪ್ರತ್ಯಕ್ಷಕ್ಕೆ ಮೂಗೇ ಸಾಕು: ಸುಟ್ಟ ವಾಸನೆ. ಅನುಮಾನದ ಉದಾಹರಣೆಗಾಗಿ ತಾರ್ಕಿಕರು ಬೆಟ್ಟದ ಮೇಲಿನ ಹೊಗೆಯವರೆಗೂ ಹೋದರು. ನಮಗೆ ಕ್ಯಾಬಿನೆಟ್ಟಿನ ಹಿಂಬದಿಯ ಜಾಲರಿಯಲ್ಲೇ ಅದು ಲಭ್ಯ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರ ಅರ್ಥಾಪತ್ತಿ. ಆಫ್ ಆಗಿರುವ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಪುಟ್ಟ ದೀಪ ಉರಿಯುತ್ತಿದ್ದರೆ ನೇರಳೆ ತಂತಿ 5 ವೋಲ್ಟನ್ನು ಉಣಿಸುತ್ತಲೇ ಇರಬೇಕು ಎಂಬುದು ನಮ್ಮದು. ಉಪಮಾನವೆಂದರೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ಶಬ್ದಪ್ರಮಾಣವೆಂದರೆ ಪೆಟ್ಟಿಗೆಯ ಮೇಲಿನ ಲೇಬಲ್. ಅದರಲ್ಲಿ ದಪ್ಪಕ್ಷರದಲ್ಲಿ 450 ವಾಟ್ ಎಂದು ಅಚ್ಚಾಗಿದ್ದು, ಕೆಳಗಿನ ಸಣ್ಣಕ್ಷರದಲ್ಲಿ 12 ವೋಲ್ಟಿಗೆ 14 ಆಂಪಿಯರ್ ಎಂದಿದ್ದರೆ, ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಡಿಸ್ಕಿನ ಮೋಟಾರು ಎಲ್ಲ ಕೈಯೊಡ್ಡುವ ಆ ಸಾಲಿನಲ್ಲಿ ಸಿಗುವುದು 168 ವಾಟ್ ಮಾತ್ರ. ದಪ್ಪಕ್ಷರಕ್ಕೂ ಸಣ್ಣಕ್ಷರಕ್ಕೂ ನಡುವಿನ ಈ ಬಿರುಕೇ ಆಧುನಿಕೋತ್ತರ ಪಠ್ಯದ… ಇರಲಿ. ಅನುಪಲಬ್ಧಿ, ಸಂಭವ, ಐತಿಹ್ಯ ಎಂಬ ಉಳಿದ ಮೂರನ್ನು ಇಲ್ಲಿಗೇ ಕೈಬಿಟ್ಟಿದೆ. ಎಂಟು ಕೋಣೆ ಕಟ್ಟಿಬಿಟ್ಟೆವೆಂದು ಎಂಟಕ್ಕೂ ಬಾಡಿಗೆದಾರರನ್ನು ಹುಡುಕುತ್ತ ಅಲೆಯುವ ಸಂಶೋಧನಾ ಪದ್ಧತಿ ಸಾಕಾಗಿದೆ.

ಪೂರ್ವಪಕ್ಷಕ್ಕೆ ಬರೋಣ. ‘ಫ್ಯಾನ್ ತಿರುಗ್ತಿದೆಯಲ್ಲ, ಎಸ್‌ಎಂಪಿಎಸ್ ಸರಿಯಾಗಿದೆ’ ಎಂಬುದು ಮೊದಲ ಆಕ್ಷೇಪ. ಫ್ಯಾನಿಗೆ ಬೇಕಾದ ಕರೆಂಟು ಅತ್ಯಲ್ಪ; ವೋಲ್ಟೇಜು ಕುಸಿದರೂ ಅದು ತಿರುಗುತ್ತದೆ. ಎರಡನೆಯದು ಇನ್ನೂ ಗಂಭೀರ: ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದಾಗ ಪೆಟ್ಟಿಗೆ ಶುರುವಾಯಿತು, ಆದ್ದರಿಂದ ಅದು ನಿರ್ದೋಷಿ. ಶುರುವಾಗುವುದು ಬೇರೆ, ಹೊರುವುದು ಬೇರೆ. ಹೊರೆಯೇ ಇಲ್ಲದಾಗ 12 ತೋರಿಸುವ ಪೆಟ್ಟಿಗೆ, ಪ್ರೊಸೆಸರು ದುಡಿಯತೊಡಗಿದ ಕೂಡಲೇ 11ಕ್ಕೆ ಕುಸಿಯಬಹುದು. ಆಗ ಯಂತ್ರ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ, ಶುದ್ಧೀಕರಣವಾದಿಗಳು ಸಿ.ಡಿ. ಹಿಡಿದು ಬರುತ್ತಾರೆ. ಆದ್ದರಿಂದ ಅಳೆಯಬೇಕಾದದ್ದು ಯಂತ್ರ ದುಡಿಯುತ್ತಿರುವಾಗಲೇ. ಮೂರನೆಯ ಆಕ್ಷೇಪವನ್ನು ಒಪ್ಪಲೇಬೇಕು: ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು. ಒಳಗಿನ ಕೆಪಾಸಿಟರುಗಳು ಕಾವಿಗೆ ಒಣಗಿದಾಗ ಏಳುವ ಅಲೆಗಳು (12 ವೋಲ್ಟ್ ಸಾಲಿನಲ್ಲಿ ಇವು 120 ಮಿಲಿವೋಲ್ಟ್ ಮೀರಬಾರದು) ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಆದರೆ ಇದು ಅಳೆಯಬಾರದು ಎಂಬುದಕ್ಕೆ ವಾದವಲ್ಲ. ಮೀಟರ್ ಸರಿ ಎಂದಮೇಲೂ ತೊಂದರೆ ಉಳಿದರೆ ಉಪಮಾನವನ್ನು, ಅಂದರೆ ಬದಲಿ ಪೆಟ್ಟಿಗೆಯನ್ನು, ತರಬೇಕು ಎಂಬುದಕ್ಕೆ ವಾದ.

ಈ ಪ್ರಕರಣದಲ್ಲಿ ಅತ್ಯಂತ ಬೋಧಪ್ರದವಾದದ್ದು ಬೂದು ತಂತಿ. ಎಲ್ಲ ಸಾಲುಗಳೂ ಸ್ಥಿರವಾದ ಮೇಲೆ, 100ರಿಂದ 500 ಮಿಲಿಸೆಕೆಂಡ್ ತಡೆದು, ಪೆಟ್ಟಿಗೆ ಈ ತಂತಿಯ ಮೂಲಕ ‘ನಾನು ಸರಿಯಾಗಿದ್ದೇನೆ’ ಎಂದು ಮದರ್‌ಬೋರ್ಡಿಗೆ ತಿಳಿಸಬೇಕು. ಅಲ್ಲಿಯವರೆಗೆ ಪ್ರೊಸೆಸರು ಎದ್ದೇಳಬಾರದು. ತೀರ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಸಾಲುಗಳನ್ನು ಪರೀಕ್ಷಿಸುವ ಮಂಡಲವೇ ಇರುವುದಿಲ್ಲ. ಬೂದು ತಂತಿಯನ್ನು ನೇರ 5 ವೋಲ್ಟಿಗೇ ಬೆಸೆದುಬಿಟ್ಟಿರುತ್ತಾರೆ. ಒಳಗೆ ಏನೇ ಆಗುತ್ತಿರಲಿ, ಅದು ಸರಿಯಾಗಿದ್ದೇನೆ ಎನ್ನುತ್ತಲೇ ಇರುತ್ತದೆ. ನಮ್ಮ ಸಂಸ್ಥೆಗಳ ಸ್ವಮೌಲ್ಯಮಾಪನ ವರದಿಗಳನ್ನು ಓದಿದವರಿಗೆ ಇದರ ವಿವರಣೆ ಬೇಕಿಲ್ಲ.

ಇಷ್ಟು ಹೊತ್ತು ತೊಟ್ಟಿದ್ದ ಪಾಂಡಿತ್ಯದ ವೇಷವನ್ನು ಈಗ ಕಳಚಬೇಕಾಗಿದೆ. ಸರ್ಕಾರಿ ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಬೀಳುವುದು ಹೇಗೆಂದು ಕೇಳಿ. ಯಂತ್ರ ಪದೇಪದೇ ನಿಲ್ಲತೊಡಗಿತು, ಮುಖ್ಯೋಪಾಧ್ಯಾಯರು ಪತ್ರ ಬರೆದರು, ವಾರ್ಷಿಕ ನಿರ್ವಹಣೆ ಒಪ್ಪಂದ ಮುಗಿದಿತ್ತು, ಬಂದವನು ‘ಬೋರ್ಡ್ ಫೇಲ್ಯೂರ್’ ಎಂದು ಬರೆದುಕೊಟ್ಟ, ಹೊಸ ಬೋರ್ಡಿನ ಬೆಲೆಗೆ ಅನುದಾನವಿರಲಿಲ್ಲ, ದಾಸ್ತಾನು ವಹಿಯಲ್ಲಿ ‘ದುರಸ್ತಿಗೆ ಯೋಗ್ಯವಲ್ಲ’ ಎಂಬ ಷರಾ ಬಿತ್ತು. ಈ ಇಡೀ ಸರಪಳಿಯಲ್ಲಿ ಅಕ್ಷರಗಳಿವೆ, ಮೊಹರುಗಳಿವೆ, ಮೂರು ಕಡೆಯ ದರಪಟ್ಟಿ ತರಿಸಬೇಕೆಂಬ ನಿಯಮವಿದೆ. ಒಂದೇ ಒಂದು ವೋಲ್ಟೇಜಿನ ಅಂಕಿ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಮೀಟರು ಆ ಸರಪಳಿಯ ಯಾವ ಕೊಂಡಿಯಲ್ಲಿದ್ದವರ ಕೈಯಲ್ಲೂ ಇರಲಿಲ್ಲ. ಆ ಯಂತ್ರ ಸತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಮೌಸನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಕಲಿಯುವ ಹುಡುಗಿಗೆ ಈ ಷರಾ ಮಾಡಿದ ಅನ್ಯಾಯಕ್ಕೆ ಯಾವ ಮೀಮಾಂಸೆಯೂ ಬೇಡ.

ಕೊನೆಯ ಆಕ್ಷೇಪ, ಸುರಕ್ಷತೆಯದು: ವಿದ್ಯುತ್ತಿನ ಪೆಟ್ಟಿಗೆಗೆ ಮೇಷ್ಟರು ಕೈ ಹಾಕಬಹುದೇ? ಪೆಟ್ಟಿಗೆಯನ್ನು ಖಂಡಿತ ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರು ಸುಮಾರು 325 ವೋಲ್ಟನ್ನು ಹಿಡಿದಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಸಿಕೊಂಡಿರಬಹುದು. ಆದರೆ ಅಳೆಯುವುದು ಒಳಗಲ್ಲ, ಹೊರಗೆ ಬಂದ ತಂತಿಗಳ ತುದಿಯಲ್ಲಿ. ಅಲ್ಲಿರುವುದು ಹೆಚ್ಚೆಂದರೆ 12 ವೋಲ್ಟ್. ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ಹಳದಿಗೆ ಇಟ್ಟು, ಯಂತ್ರ ದುಡಿಯುತ್ತಿರುವಾಗ ಬಂದ ಅಂಕಿಯನ್ನು ಆ ಷರಾದ ಪಕ್ಕದಲ್ಲೇ ಬರೆಯಲಿ. 11.4ಕ್ಕಿಂತ ಕಡಿಮೆಯಿದ್ದರೆ ಪ್ಲಗ್ ತೆಗೆದು, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಇಡಿಯಾಗಿ ಬದಲಾಯಿಸಲಿ.