ಕೋವಿ ಒರೆಸುವ ಯಜಮಾನರು

ಕೊಡಗಿನ ಯಾವ ಊರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸೇನೆಯಿಂದ ನಿವೃತ್ತರಾದವರೇ ಆಗಬೇಕೆಂದಿಲ್ಲ, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿ ಆಮೇಲೆ ಕಾಫಿ ತೋಟ ನೋಡಿಕೊಂಡಿದ್ದರೂ ಸಾಕು. ಊಟ ಮುಗಿದೊಡನೆ ಜಗಲಿಯಲ್ಲಿ ಗೋಣಿತಾಟು ಹಾಸಿ ಪಾಯಿಂಟ್ ಟೂ ಟೂ ರೈಫಲ್ ಮಲಗಿಸುತ್ತಾರೆ. ಪಕ್ಕದಲ್ಲಿ ನಳಿಗೆಯೊಳಗೆ ಚಿಂದಿ ಎಳೆಯುವ ಹಗ್ಗ, ಅಂದರೆ ಪುಲ್‌ಥ್ರೂ, ಎಣ್ಣೆ ಡಬ್ಬಿ, ಮಗನ ಹಳೇ ಬನಿಯನ್ ಹರಿದು ಮಾಡಿದ ಚಿಂದಿ. ಒಣ ಚಿಂದಿ ನಾಲ್ಕಿಂಚು ಉದ್ದ ಎರಡಿಂಚು ಅಗಲ, ಎಣ್ಣೆ ಚಿಂದಿಯ ಅಗಲ ಒಂದೂವರೆ ಇಂಚು. ಇದರಲ್ಲಿ ಕಾಲಿಂಚು ಹೆಚ್ಚುಕಮ್ಮಿಯಾದರೂ ಯಜಮಾನರಿಗೆ ಅಂದು ಕಾಫಿ ರುಚಿಸದು. ಪುಲ್‌ಥ್ರೂವಿನ ತೂಕದ ತುದಿಯನ್ನು ಹಿಂಬದಿಯಿಂದ ಇಳಿಬಿಟ್ಟು, ಮೂತಿಯಿಂದ ಒಂದೇ ಉಸಿರಿಗೆ ಎಳೆಯುತ್ತಾರೆ. ಬೋಲ್ಟ್ ಕಳಚಿದ ಜಾಗಕ್ಕೆ ಹೆಬ್ಬೆರಳಿನ ಉಗುರು ಹಿಡಿದು, ಆ ಉಗುರಿನಿಂದ ಪ್ರತಿಫಲಿಸುವ ಬೆಳಕಿನಲ್ಲಿ ನಳಿಗೆಯ ಒಳಗಿನ ಸುರುಳಿಗೆರೆಗಳನ್ನು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮನೆಗೆ ಬಂದ ನೆಂಟರೂ ನೋಡಬೇಕು, ನೋಡಿ ‘ಒಳ್ಳೇ ಕನ್ನಡಿ ಇದ್ದಂಗಿದೆ’ ಅನ್ನಬೇಕು. ಅನ್ನದವರಿಗೆ ಎರಡನೇ ಲೋಟ ಕಾಫಿ ಇಲ್ಲ.

ಇಷ್ಟೆಲ್ಲ ಸೇವೆ ಪಡೆಯುವ ಕೋವಿಗೆ ಕೆಲಸವೆಷ್ಟು ಎಂದು ಲೆಕ್ಕ ಹಾಕಿದರೆ ನನ್ನ ವಾದ ತಾನಾಗಿ ಸಾಬೀತಾಗುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಬೇಟೆಯ ಬಾಗಿಲನ್ನು 1972ರ ವನ್ಯಜೀವಿ ಕಾಯ್ದೆ ಮುಚ್ಚಿತು. ಉಳಿದದ್ದು ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೊಂದು ಗುಂಡು, ಮನೆಯಲ್ಲಿ ಹುಟ್ಟು ಸಾವಾದರೆ ಊರಿಗೆ ತಿಳಿಸುವ ಸದ್ದು. ಮಿಕ್ಕ ದಿನವೆಲ್ಲ ಒರೆಸುವುದೇ. ಹಾಗಾಗಿ ಒರೆಸುವುದು ಕೋವಿಯ ಆರೈಕೆ ಎನ್ನುವುದು ತಪ್ಪು, ಇಂದಿನ ಕೋವಿಯ ಮುಖ್ಯ ಉಪಯೋಗವೇ ಅದು. ಸಿಡಿಯುವುದು ನಡುವೆ ಬರುವ ಸಣ್ಣ ಅಡಚಣೆ.

ಯಜಮಾನರು ಇದನ್ನು ಒಪ್ಪುವುದಿಲ್ಲ. ‘ನಮ್ಮ ಮಳೆ ನಿಮಗೇನು ಗೊತ್ತು? ಒಂದು ವಾರ ಬಿಟ್ಟರೆ ತುಕ್ಕು’ ಎಂಬುದು ಅವರ ಮೊದಲ ಅಸ್ತ್ರ. ಮಳೆ ನಿಜ, ತುಕ್ಕೂ ನಿಜ. ಆದರೆ ಹಿಂದಿನವರು ಭತ್ತದ ಕೆಲಸ ಶುರುವಾದೊಡನೆ ಆಯುಧಗಳನ್ನು ಮನೆಯ ಪೂಜಾಕೋಣೆಯಾದ ಕನ್ನಿ ಕೋಂಬರೆಯಲ್ಲಿಟ್ಟು, ನಾಟಿ ಮುಗಿದು ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಹೊರತೆಗೆದು, ತೋಕ್‌ಪೂ ಎಂಬ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ವರ್ಷದ ಅತ್ಯಂತ ಒದ್ದೆ ತಿಂಗಳುಗಳನ್ನು ಕೋವಿ ಕೋಣೆಯೊಳಗೇ ಕಳೆಯುತ್ತಿತ್ತು. ತೆಳುವಾಗಿ ಎಣ್ಣೆ ಸವರಿ ಗಾಳಿಯಾಡುವಲ್ಲಿ ಇಟ್ಟ ಉಕ್ಕಿಗೆ ಆಗಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ನಿಜವಾದ ಶತ್ರು ಬೆರಳಿನ ಬೆವರು. ನೆಂಟರ ಕೈಗೆ ಕೊಟ್ಟಾಗಲೆಲ್ಲ ಹೊರಮೈ ಮೇಲೆ ಉಪ್ಪಿನ ಗುರುತು ಬೀಳುತ್ತದೆ, ಅದನ್ನು ಒರೆಸಬೇಕಾಗುತ್ತದೆ. ಒರೆಸಿದ್ದನ್ನು ತೋರಿಸಲು ಇನ್ನೊಬ್ಬ ನೆಂಟರು ಬೇಕಾಗುತ್ತಾರೆ.

ಎರಡನೆಯ ಅಸ್ತ್ರ ಸೇನೆಯ ಶಿಸ್ತು. ಇದಕ್ಕೆ ತಲೆಬಾಗಲೇಬೇಕು, ಏಕೆಂದರೆ ಆ ಶಿಸ್ತಿಗೆ ಕಾರಣವಿತ್ತು. ತ್ರೀ ನಾಟ್ ತ್ರೀ ರೈಫಲ್ ಕಾಲದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಗುಂಡು ಹಾರಿದ ಮೇಲೆ ಅದು ಒಂದು ಬಗೆಯ ಉಪ್ಪಾಗಿ ನಳಿಗೆಯಲ್ಲಿ ಕೂತು, ಗಾಳಿಯ ತೇವ ಹೀರಿ, ಉಕ್ಕನ್ನು ತಿನ್ನುತ್ತಿತ್ತು. ಅದಕ್ಕೆ ಎಣ್ಣೆ ಮದ್ದಲ್ಲ. ಉಪ್ಪಿನಕಾಯಿ ಭರಣಿಗೆ ಎಷ್ಟು ಎಣ್ಣೆ ಹೊಯ್ದರೂ ಉಪ್ಪು ಹೋಗುತ್ತದೆಯೇ? ಆದ್ದರಿಂದಲೇ ಅಂದಿನ ಸಿಪಾಯಿಗಳು ಆಲಿಕೆ ಇಟ್ಟು ನಳಿಗೆಗೆ ಕುದಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಇಂದಿನ ಸಾಮಾನ್ಯ ಟೂ ಟೂ ತೋಟಾದಲ್ಲಿ ಆ ಉಪ್ಪೂ ಇಲ್ಲ, ಸುರಿಯುವ ಕುದಿನೀರೂ ಇಲ್ಲ. ಕಾರಣ ನಿವೃತ್ತಿಯಾಗಿದೆ, ಶಿಸ್ತು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

‘ಹೆಚ್ಚು ಒರೆಸಿದರೆ ನಷ್ಟವೇನು?’ ಎನ್ನುವವರೂ ಇದ್ದಾರೆ. ನಷ್ಟವಿದೆ. ಟೂ ಟೂ ಗುಂಡಿನ ಸೀಸಕ್ಕೆ ಮೇಣವೋ ಜಿಡ್ಡೋ ಸವರಿರುತ್ತಾರೆ. ಅದರ ತೆಳು ಪೊರೆ ನಳಿಗೆಯಲ್ಲಿ ಕೂತ ಮೇಲೆಯೇ ಗುರಿ ಒಂದೇ ಕಡೆ ನಿಲ್ಲುವುದು. ಅದಕ್ಕೇ ನುರಿತ ಗುರಿಕಾರರು ತೀರಾ ಉಜ್ಜಿದ ನಳಿಗೆಯಿಂದ ಮೊದಲ ಕೆಲವು ಗುಂಡುಗಳನ್ನು ಸುಮ್ಮನೆ ಹಾರಿಸಿಬಿಡುತ್ತಾರೆ. ಸಲಾಕೆಯನ್ನು ಮೂತಿಯಿಂದ ತೂರಿಸಿ ತಿಕ್ಕಿದರೆ ಮೂತಿಯ ಅಂಚು ಸವೆದು ಗುಂಡು ದಾರಿ ತಪ್ಪುತ್ತದೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿಟ್ಟರೆ ಹೆಚ್ಚಿನ ಎಣ್ಣೆ ಇಳಿದು ಮರದ ಹಿಡಿಯನ್ನು ಮೆದುವಾಗಿಸುತ್ತದೆ. ಯಜಮಾನರು ಪಂದ್ಯದ ಹಿಂದಿನ ರಾತ್ರಿಯೇ ಎಲ್ಲಕ್ಕಿಂತ ಹೆಚ್ಚು ಉಜ್ಜಿ ಎಣ್ಣೆ ಕುಡಿಸುವವರು. ಪಂದ್ಯದಲ್ಲಿ ಸಿಗುವುದು ಬೆರಳೆಣಿಕೆಯ ಗುಂಡು. ತೆಂಗಿನಕಾಯಿಗೆ ಏನೂ ಆಗುವುದಿಲ್ಲ. ಹೋದ ವರ್ಷ ಒರೆಸಿದ ಮೇಲೆ ಎಣ್ಣೆ ಡಬ್ಬಿಯನ್ನೇ ಮುಟ್ಟದ ಪಕ್ಕದ ಮನೆ ಹುಡುಗ ಬಹುಮಾನ ಒಯ್ದದ್ದಕ್ಕೆ ಯಜಮಾನರು ಕಂಡುಕೊಳ್ಳುವ ಕಾರಣ ಒಂದೇ: ‘ನನ್ನ ನಳಿಗೆ ಇನ್ನೂ ಸ್ವಲ್ಪ ಕ್ಲೀನ್ ಆಗಬೇಕಿತ್ತು.’

ಹಾಗೆಂದು ಇವರನ್ನು ತಿದ್ದಹೊರಡುವುದು ಬುದ್ಧಿವಂತಿಕೆಯಲ್ಲ. ಕೋವಿಯಿರುವ ಮನೆಯ ಯಜಮಾನನಿಗೆ ಎರಡೇ ಹವ್ಯಾಸ ಸಾಧ್ಯ, ಹಾರಿಸುವುದು ಅಥವಾ ಒರೆಸುವುದು. ಎರಡನೆಯದನ್ನು ಹಿಡಿದವರು ದಿನಕ್ಕೊಮ್ಮೆ ಬೋಲ್ಟ್ ಕಳಚಿ, ನಳಿಗೆ ಖಾಲಿಯೇ ಎಂದು ಕಣ್ಣಾರೆ ನೋಡುತ್ತಾರೆ. ತೋಟಾ ಬೇರೆ ಕಪಾಟಿನಲ್ಲಿ, ಬೀಗದ ಕೈ ಸೊಂಟದಲ್ಲಿ. ಎಣ್ಣೆ ಖರ್ಚಾದಷ್ಟೂ ಮದ್ದುಗುಂಡು ಉಳಿಯುತ್ತದೆ, ಕಾಡುಹಂದಿಯೂ ನೆರೆಮನೆಯವರೂ ನೆಮ್ಮದಿಯಾಗಿರುತ್ತಾರೆ. ಮನೆಯವರು ಮಾಡಬೇಕಾದ್ದು ಇಷ್ಟೇ: ವರ್ಷವಿಡೀ ಒರೆಸಲು ಬಿಡಿ, ಹಬ್ಬದ ಹಿಂದಿನ ದಿನ ಮಾತ್ರ ಎಣ್ಣೆ ಡಬ್ಬಿ ಬಚ್ಚಿಡಿ. ಒಂದು ವರ್ಷವಾದರೂ ಅವರ ಗುಂಡು ತೆಂಗಿನಕಾಯಿಗೆ ತಾಗಲಿ. ತಾಗಿದರೆ ಅದೂ ಚಿಂದಿಯ ಮಹಿಮೆ ಎಂದೇ ಹೇಳುತ್ತಾರೆ, ಹೇಳಲಿ ಬಿಡಿ.