ವಾರ್ಮ್ ರಿಗಾರ್ಡ್ಸ್ ಸಾಹೇಬರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇವರು ಸಿಗುತ್ತಾರೆ. ಬ್ಯಾಂಕಿನಲ್ಲಿ ಮೂರು ದಶಕ ಸವೆಸಿ ನಿವೃತ್ತರಾಗಿ, ಈಗ ನಿವಾಸಿಗಳ ಸಂಘದ ಸೆಕ್ರೆಟರಿ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ. ಆದರೂ ಕುರ್ಚಿ ಬಿಡುವುದಿಲ್ಲ. ಸರ್ಕ್ಯುಲರ್ ಬರೆಯುವ ಹಕ್ಕು ಆ ಕುರ್ಚಿಗೇ ಅಂಟಿಕೊಂಡಿದೆ ನೋಡಿ.

ಸಾಹೇಬರ ಸರ್ಕ್ಯುಲರಿನಲ್ಲಿ ವರ್ಷವಿಡೀ ಇಂಗ್ಲೆಂಡಿನ ಹವೆ. ಲಿಫ್ಟ್ ಕೆಟ್ಟರೆ ಅದು ‘ಅಂಡರ್ ದ ವೆದರ್’. ಪಾರ್ಕಿಂಗ್ ಜಗಳ ‘ಸ್ಟಾರ್ಮ್ ಇನ್ ಎ ಟೀಕಪ್’. ಜಗಳವಾಡಿದ ಎರಡೂ ಮನೆಯವರು ಫಿಲ್ಟರ್ ಕಾಫಿಯವರು ಎಂಬುದು ಬೇರೆ ಮಾತು. ಮೇಂಟೆನೆನ್ಸ್ ಬಾಕಿದಾರರ ಪಟ್ಟಿ ‘ಟಿಪ್ ಆಫ್ ದ ಐಸ್‌ಬರ್ಗ್’. ಲೆಕ್ಕಪತ್ರ ತಡವಾದರೆ ತಾವು ‘ಸ್ನೋಡ್ ಅಂಡರ್’. ಸಾಹೇಬರು ಹಿಮ ಕಂಡದ್ದು ಎಲ್‌ಟಿಸಿಯಲ್ಲಿ ಮನಾಲಿಗೆ ಹೋಗಿ, ಬಾಡಿಗೆ ಕೋಟು, ಬಾಡಿಗೆ ಬೂಟಿನಲ್ಲಿ ಫೋಟೊ ತೆಗೆಸಿಕೊಂಡಾಗ ಮಾತ್ರ.

ಎಲ್ಲದರ ಕೊನೆಗೆ ‘ವಾರ್ಮ್ ರಿಗಾರ್ಡ್ಸ್’. ಈ ಚಟ ಹತ್ತಿದ್ದು ಕಲಬುರಗಿ ಶಾಖೆಯಲ್ಲಿ, ಬ್ಯಾಂಕಿಗೆ ಇಮೇಲ್ ಬಂದ ಹೊಸದರಲ್ಲಿ. ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿ ಕೂತಿದೆ, ಫ್ಯಾನು ನಿಂತಿದೆ. ಕರೆಂಟು ಬಂದ ಕೂಡಲೇ ಅಂಗಿ ಹಿಂಡಿಕೊಳ್ಳುತ್ತ ಹೆಡ್ ಆಫೀಸಿಗೆ ಬೆಚ್ಚನೆಯ ವಂದನೆ ಕಳಿಸುತ್ತಿದ್ದರು. ಕೌಂಟರಿನ ಆಚೆ ಪಿಂಚಣಿ ಪಡೆದ ಮುದುಕಿ ‘ನಿನ್ನ ಹೊಟ್ಟಿ ತಣ್ಣಗಿರ್ಲಿ ಸಾಹೇಬಾ’ ಎಂದು ಹರಸಿ ಹೋಗುತ್ತಿದ್ದಳು. ಆ ಊರಿಗೆ ಒಪ್ಪುವ ಒಕ್ಕಣೆ ಅದೇ ಆಗಿತ್ತು, ಆದರೆ ಮುದುಕಿಗೆ ಇಮೇಲ್ ಐಡಿ ಇರಲಿಲ್ಲ.

ಅವರ ಲೇಖನಿ ನಿಜಕ್ಕೂ ಅರಳಿದ್ದು 2024ರ ಮಾರ್ಚಿನಲ್ಲಿ. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ನಗರದ ಸಾವಿರಾರು ಬೋರ್‌ವೆಲ್ ಬತ್ತಿದ್ದವು, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಿತ್ತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಅಪಾರ್ಟ್‌ಮೆಂಟಿನಲ್ಲಿ ಮೊದಲು ಮೋಟರ್ ಸುಟ್ಟಿತು, ಆಮೇಲೆ ಬೋರ್ ಬರೀ ಗಾಳಿ ಉಗುಳಿತು, ಕೊನೆಗೆ ಟ್ಯಾಂಕರಿನವನು ಫೋನ್ ಎತ್ತುವುದು ಬಿಟ್ಟ. ಸಾಹೇಬರು ನೋಟಿಸ್ ಅಂಟಿಸಿದರು: ‘ಇಟ್ ನೆವರ್ ರೈನ್ಸ್ ಬಟ್ ಇಟ್ ಪೋರ್ಸ್’.

ಮೊಮ್ಮಗ ‘ರೈನ್ಸ್’ ಎಂದು ಓದಿದ್ದೇ ತಡ, ಮಂಡ್ಯ ಕಡೆಯ ಅಜ್ಜಿಯೊಬ್ಬರು ಹಪ್ಪಳ ಎತ್ತಲು ಟೆರೇಸಿಗೆ ಓಡಿದರು. ಮೇಲೆ ರಣಬಿಸಿಲು. ಇಳಿದು ಬಂದು ಸಾಹೇಬರನ್ನೇ ಹಿಡಿದರು.

‘ಎಲ್ಲಪ್ಪಾ ಮಳೆ?’

‘ಅದು ಮಳೆ ಅಲ್ಲಮ್ಮಾ. ಕಷ್ಟದ ಮೇಲೆ ಕಷ್ಟ ಅಂತ ಅರ್ಥ.’

‘ಮಳೆ ಬಂದ್ರೆ ಕಷ್ಟ ಹೆಂಗಾಯ್ತದೆ?’

ಸಾಹೇಬರ ಹತ್ತಿರ ಉತ್ತರವಿರಲಿಲ್ಲ. ಲೆಕ್ಕಕ್ಕೆ ಹೇಳುವುದಾದರೆ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ ಅದರ ಒಂದೂವರೆ ಪಟ್ಟು. ಆದರೆ ಅಲ್ಲಿ ಆ ಅಷ್ಟನ್ನೇ ಹನ್ನೆರಡು ತಿಂಗಳಿಗೂ ಹಂಚಿ ಜಿನುಗಿಸುತ್ತದೆ. ಹಾಗೆ ಜಿನುಗಿಸಿಕೊಂಡವರ ಭಾಷೆಯಲ್ಲಿ ಮಳೆ ಪೀಡೆಯಾಗಿ, ಬಿಸಿಲು ಭಾಗ್ಯವಾಗಿ ಕೂತರೆ ಅವರ ತಪ್ಪೇನಿಲ್ಲ. ಮೋಡ ಕಂಡರೆ ಮುಖ ಅರಳುವ ಊರಿನವರು ಅದನ್ನೇ ನೋಟಿಸ್ ಬೋರ್ಡಿಗೆ ಅಂಟಿಸಿದಾಗ ಹಪ್ಪಳಕ್ಕೆ ಸಂಚಕಾರ.

ಸಾಹೇಬರು ಓದಿಕೊಂಡವರಲ್ಲ ಎನ್ನುವಂತಿಲ್ಲ. ಸಂಪ್ ತೊಳೆಸುವ ಸುದ್ದಿಯನ್ನು ಖಜಾಂಚಿ ತಾನೇ ಮೊದಲು ವಾಟ್ಸ್‌ಆ್ಯಪಿಗೆ ಹಾಕಿದಾಗ ‘ಹಿ ಸ್ಟೋಲ್ ಮೈ ಥಂಡರ್’ ಎಂದು ಗುಡುಗಿ, ಸಂಜೆಯ ವಾಕಿಂಗಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಅದರ ಕಥೆ ಹೇಳಿದರು. ಕಥೆ ಚೆನ್ನಾಗಿಯೇ ಇದೆ. 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜಾನ್ ಡೆನಿಸ್ ಎಂಬಾತನ ನಾಟಕ ನಡೆಯಿತು. ಅದಕ್ಕೆಂದೇ ಆತ ರಂಗದ ಮೇಲೆ ಗುಡುಗು ಹುಟ್ಟಿಸುವ ಹೊಸ ಉಪಾಯ ಕಂಡುಹಿಡಿದಿದ್ದ. ಜನ ಬರಲಿಲ್ಲ. ರಂಗಮಂದಿರದವರು ನಾಟಕ ಕಿತ್ತುಹಾಕಿ ಗುಡುಗನ್ನು ಉಳಿಸಿಕೊಂಡರು. ಮುಂದೆ ‘ಮ್ಯಾಕ್‌ಬೆತ್’ ನೋಡಲು ಕೂತಿದ್ದ ಡೆನಿಸನಿಗೆ ತನ್ನದೇ ಗುಡುಗು ಕೇಳಿಸಿ, ಎದ್ದು ನಿಂತು ಕೂಗಾಡಿದನಂತೆ. ಖಜಾಂಚಿ ಪೂರ್ತಿ ಕೇಳಿಸಿಕೊಂಡು, ‘ಅದಿರ್ಲಿ ಸಾರ್, ಸಂಪ್ ಬಿಲ್ಲಿಗೆ ಸೈನ್ ಹಾಕಿ’ ಎಂದರು.

ಸಾಹೇಬರಿಗೆ ಕೈಕೊಡುವುದು ಅಮೆರಿಕದ ಹವೆ. ಅಲ್ಲಿಯ ಬೇಸ್‌ಬಾಲ್ ಮೈದಾನಗಳಲ್ಲಿ ಮಳೆ ಬಂದು ಆಟ ನಿಂತರೆ, ಇನ್ನೊಂದು ದಿನ ಬನ್ನಿ ಎಂದು ಪ್ರೇಕ್ಷಕರಿಗೆ ಚೀಟಿ ಕೊಡುವ ಪದ್ಧತಿ 19ನೇ ಶತಮಾನದ ಕೊನೆಯಲ್ಲೇ ಶುರುವಾಯಿತು. ಅದೇ ‘ರೈನ್ ಚೆಕ್’. ಇವತ್ತಾಗದು, ಮುಂದೆ ನೋಡೋಣ ಎನ್ನಬೇಕಾದಾಗಲೆಲ್ಲ ಐಟಿ ಹುಡುಗರ ಬಾಯಲ್ಲಿ ಅದೇ. ಮೂರು ತಿಂಗಳ ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡ ಬಾಡಿಗೆದಾರನೊಬ್ಬನಿಗೆ ಭಾನುವಾರದ ಮೀಟಿಂಗಿಗೆ ಬರಲು ಮೆಸೇಜ್ ಹೋಯಿತು. ‘ಸಾರಿ ಅಂಕಲ್, ವಿಲ್ ಟೇಕ್ ಎ ರೈನ್ ಚೆಕ್’ ಎಂದು ಆತ ಬರೆದ.

‘ಚೆಕ್ ಬೇಡಪ್ಪಾ, ಕ್ಲಿಯರ್ ಆಗೋಕೆ ಟೈಮ್ ಹಿಡಿಯುತ್ತೆ’ ಎಂದು ಸಾಹೇಬರ ಉತ್ತರ ಕ್ಷಣಾರ್ಧದಲ್ಲಿ ಬಂತು. ‘ಯುಪಿಐ ಮಾಡಿಬಿಡು.’