ಹುಡುಕಪ್ಪನವರ ಸರ್ಚು

ಪ್ರತಿ ಅಪಾರ್ಟ್‌ಮೆಂಟಿನ ಸಂಘದಲ್ಲೂ ಒಬ್ಬ ಹುಡುಕಪ್ಪನವರು ಇರುತ್ತಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರಾದವರು, ಬೇಡ ಬೇಡ ಎನ್ನುತ್ತಲೇ ಪ್ರತಿ ವರ್ಷ ಕಾರ್ಯದರ್ಶಿಯಾಗುವವರು. ಸಂಘದ ಕಾಗದಪತ್ರವೆಲ್ಲ ಅವರ ಕಂಪ್ಯೂಟರಿನಲ್ಲೇ ಇದೆ. ಇದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಎಲ್ಲಿದೆ ಎಂದು ಮಾತ್ರ ಕೇಳಬಾರದು.

ಕೇಳಿದರೆ ಅವರಿಗೇನೂ ಬೇಸರವಿಲ್ಲ, ಖುಷಿಯೇ. "ಬನ್ನಿ ಬನ್ನಿ, ಹೊಸ ಸಾಫ್ಟ್‌ವೇರ್ ಹಾಕಿದೀನಿ" ಎಂದು ಪಕ್ಕಕ್ಕೊಂದು ಕುರ್ಚಿ ಎಳೆಯುತ್ತಾರೆ. ಕೇಳಿದವರಿಗೆ ಬೇಕಿದ್ದದ್ದು ಸಂಪ್ ಕ್ಲೀನ್ ಮಾಡಿಸಿದ ಬಿಲ್ಲು. ಸಿಗುವುದು ಡೆಸ್ಕ್‌ಟಾಪ್ ಸರ್ಚಿನ ಪೂರ್ವಾಪರ.

ಆ ಕಥೆ ಶುರುವಾಗುವುದು ವಿಂಡೋಸ್ ಎಕ್ಸ್‌ಪಿಯ ನಾಯಿಯಿಂದ. ರೋವರ್ ಅಂತ ಅದರ ಹೆಸರು. ಹುಡುಕುವಷ್ಟು ಹೊತ್ತೂ ಪರದೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಆಮೇಲೆ 2004ರ ಅಕ್ಟೋಬರಿನಲ್ಲಿ ಗೂಗಲ್ ಡೆಸ್ಕ್‌ಟಾಪ್ ಬಂತು. ಮನೆಯ ಕಂಪ್ಯೂಟರನ್ನೂ ಇಂಟರ್‌ನೆಟ್ಟಿನ ಹಾಗೆಯೇ ಜಾಲಾಡಿ, ಫೈಲಿನ ಒಳಗಿನ ಮಾತನ್ನೂ ಹೆಕ್ಕಿ ಕೊಡುತ್ತಿತ್ತು. 2011ರ ಸೆಪ್ಟೆಂಬರಿನಲ್ಲಿ ಗೂಗಲ್ ಅದನ್ನು ನಿಲ್ಲಿಸಿದ್ದನ್ನು ಹುಡುಕಪ್ಪನವರು ಮನೆಯ ಹಿರಿಯರೊಬ್ಬರು ತೀರಿಕೊಂಡ ಹಾಗೆ ಹೇಳುತ್ತಾರೆ. ಕೆನಡಾದ ಕೊಪರ್ನಿಕ್, ಡಾಕ್‌ಫೆಚರ್, ಏಜೆಂಟ್ ರ‍್ಯಾನ್ಸ್ಯಾಕ್ ಎಲ್ಲ ಅವರ ಮನೆಗೆ ಬಂದು ಹೋಗಿವೆ. "ಮ್ಯಾಕ್ ತಗೊಂಡ್ಬಿಡಿ ಮಾವ, ಅದ್ರಲ್ಲಿ 2005ರಿಂದಲೇ ಸ್ಪಾಟ್‌ಲೈಟ್ ಇದೆ" ಎಂದು ಅಳಿಯ ಒಮ್ಮೆ ಅಂದಿದ್ದುಂಟು. ಮಾವ ಉತ್ತರಿಸಲಿಲ್ಲ. ಹುಡುಕುವ ಕೆಲಸವನ್ನೇ ಕಿತ್ತುಕೊಳ್ಳುವ ಅಳಿಯನಿಗೆ ಏನಂತ ಉತ್ತರಿಸುವುದು?

ಸದ್ಯಕ್ಕೆ ಅವರ ಮೆಚ್ಚಿನದು 'ಎವೆರಿಥಿಂಗ್'. ಡಿಸ್ಕಿನ ಮೇಲಿರುವ ಪ್ರತಿ ಫೈಲಿಗೂ ವಿಂಡೋಸ್ ಮಾಸ್ಟರ್ ಫೈಲ್ ಟೇಬಲ್ ಎಂಬ ಖಾತೆ ಪುಸ್ತಕದಲ್ಲಿ ಒಂದು ನಮೂದು ಇಟ್ಟಿರುತ್ತದೆ. ಈ ತಂತ್ರಾಂಶ ಫೋಲ್ಡರ್ ಫೋಲ್ಡರ್ ಸುತ್ತುವ ಬದಲು ನೇರ ಆ ಖಾತೆಯನ್ನೇ ಓದಿಬಿಡುತ್ತದೆ. ಹಾಗಾಗಿ ಒಂದೊಂದು ಅಕ್ಷರ ಒತ್ತಿದ ಹಾಗೂ ಪಟ್ಟಿ ಕಣ್ಣೆದುರೇ ಇಳಿಯುತ್ತದೆ. ನೋಡಲು ಸೊಗಸೇ, ಸುಳ್ಳು ಹೇಳಬಾರದು.

ಹುಡುಕಪ್ಪನವರು ಇಂಗ್ಲಿಷಿನಲ್ಲಿ 'ಸಂಪ್' ಎಂದು ಒತ್ತಿದರು. ಪಟ್ಟಿ ಇಳಿಯಿತು. ಮೊದಲನೆಯದು 'ಪವರ್ ಕನ್ಸಂಪ್ಷನ್'. ಎರಡನೆಯದು 'ಡೀಸೆಲ್ ಕನ್ಸಂಪ್ಷನ್'. ಅದರ ಕೆಳಗೆ, ಬ್ಯಾಂಕಿನ ದಿನಗಳಿಂದ ಹೊತ್ತು ತಂದ 'ಬಜೆಟ್ ಅಸಂಪ್ಷನ್ಸ್'. ಹೆಸರಿನ ಹೊಟ್ಟೆಯಲ್ಲಿ ಎಲ್ಲೇ ಸಂಪ್ ಇದ್ದರೂ ಎತ್ತಿ ತಂದಿಟ್ಟಿದೆ, ಪಾಪ. ಬಿಲ್ಲು ಮಾತ್ರ ಅದರಲ್ಲಿಲ್ಲ. ಅದು ವಾಚ್‌ಮನ್ ಫೋನಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ ಫೋಟೊ. ಅದರ ಹೆಸರು ತಾರೀಕು ಮತ್ತೊಂದು ನಂಬರು, ಅಷ್ಟೇ. ಬಿಲ್ಲಿನ ಮೇಲಿನ ಅಕ್ಷರ ಈ ತಂತ್ರಾಂಶಕ್ಕೆ ಅಕ್ಷರವಲ್ಲ, ಚಿತ್ರ.

"ಹಾಗಾದ್ರೆ ವಿಂಡೋಸಿನದೇ ಸರ್ಚ್ ಇದೆಯಲ್ಲ ಸರ್?" ಎಂದು ಯಾರಾದರೂ ಕೇಳಬಹುದು. ಇದೆ, ಒಳಗಿನ ಪಠ್ಯವನ್ನೂ ಓದುತ್ತದೆ. ಆದರೆ ಸೆಟ್ಟಿಂಗ್ ಮುಟ್ಟದಿದ್ದರೆ ಅದು ನೋಡುವುದು ಮುಖ್ಯವಾಗಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಥರದ ಕಡೆ. ಹುಡುಕಪ್ಪನವರ ಸರ್ವಸ್ವವೂ ಇರುವುದು ಡಿ ಡ್ರೈವಿನಲ್ಲಿ. "ವೈರಸ್ ಬಂದು ಸಿ ಹೋದ್ರೂ ಡಿ ಉಳಿಯುತ್ತೆ" ಎಂದು ಅಸೆಂಬಲ್ ಮಾಡಿಕೊಟ್ಟ ಹುಡುಗ ಯಾವ ಕಾಲದಲ್ಲೋ ಹೇಳಿದ್ದನ್ನು ಅವರು ಇಂದಿಗೂ ಮೀರಿಲ್ಲ.

ಇನ್ನು ಸಭೆಯ ನಡಾವಳಿಗಳು. ಅವೆಲ್ಲ ಕನ್ನಡದಲ್ಲೇ ಇವೆ, 'ನುಡಿ' ತಂತ್ರಾಂಶದಲ್ಲಿ ಟೈಪಿಸಿದ್ದು. ಹಳೆಯ ನುಡಿ ಫಾಂಟಿನ ಗುಟ್ಟು ಬಲ್ಲವರಿಗೆ ಗೊತ್ತು: ಕಣ್ಣಿಗೆ ಕನ್ನಡ, ಒಳಗೆ ರೋಮನ್. ನಮಗೆ 'ಕ' ಕಾಣುವ ಜಾಗದಲ್ಲಿ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷಿನ ದೊಡ್ಡ 'ಪಿ', ಪಕ್ಕದಲ್ಲಿ ತಲೆಯ ಮೇಲೊಂದು ಓರೆಗೆರೆ ಹೊತ್ತ 'ಎ'. ಈಗಿನ ಯೂನಿಕೋಡ್ ಕನ್ನಡದಲ್ಲಿ 'ಕಸ' ಎಂದು ಹುಡುಕಿದರೆ, ಕಸದ ಬಗ್ಗೆ ವರ್ಷಗಟ್ಟಲೆ ಜಗಳವಾಡಿದ ಸಂಘದಲ್ಲಿ ಕಸದ ಸುದ್ದಿಯೇ ಇಲ್ಲ ಎಂದು ಉತ್ತರ ಬರುತ್ತದೆ.

ಇದಕ್ಕೆ ಮದ್ದಿದೆ. ನುಡಿಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಹುಡುಕಪ್ಪನವರು ಊಟ ತಿಂಡಿ ಬಿಟ್ಟು ಕೂತು ಎಲ್ಲವನ್ನೂ ತಿರುಗಿಸಿದರು, ವಿಂಡೋಸ್ ಸರ್ಚಿನ ಇಂಡೆಕ್ಸಿಗೆ ಡಿ ಡ್ರೈವನ್ನೂ ಸೇರಿಸಿದರು. "ರೀ, ಅನ್ನ ಆರಿಹೋಯ್ತು" ಎಂದು ಒಳಗಿನಿಂದ ಬಂದ ಕೂಗು ಯಾವ ಇಂಡೆಕ್ಸಿಗೂ ಸೇರಲಿಲ್ಲ. ಕರಡು, ತಿದ್ದಿದ್ದು, ಮತ್ತೆ ತಿದ್ದಿದ್ದು, ಯಾವುದನ್ನೂ ಅಳಿಸಲಿಲ್ಲ. ಅಳಿಸುವುದು ಅವರ ಜಾಯಮಾನದಲ್ಲೇ ಇಲ್ಲ.

ಫಲ ಸಿಕ್ಕಿದ್ದು ವಾರ್ಷಿಕ ಸಭೆಯಲ್ಲಿ. ಮೇಂಟೆನೆನ್ಸ್ ಎಷ್ಟಕ್ಕೆ ಏರಿಸಿದ್ದೆವು ಎಂಬ ಪ್ರಶ್ನೆ ಎದ್ದಿತು. ಹುಡುಕಪ್ಪನವರು ಲ್ಯಾಪ್‌ಟಾಪ್ ತೆರೆದು 'ನಿರ್ವಹಣಾ ಶುಲ್ಕ' ಎಂದು ಒತ್ತಿದರು. ಬಂದೇ ಬಂತು! ಎದ್ದು ನಿಂತು ಓದಿದರು: "ಚದರಡಿಗೆ 4 ರೂಪಾಯಿ." ಸಭೆ ಹೋ ಎಂದಿತು. ಪಾಸಾಗಿದ್ದು ಮೂರೂವರೆ, ನಾಲ್ಕು ಬಿದ್ದುಹೋದ ಕರಡಿನದು. ಪಟ್ಟಿಯಲ್ಲಿ 'ನಡಾವಳಿ ಫೈನಲ್', 'ನಡಾವಳಿ ಫೈನಲ್ 2', 'ಫೈನಲ್ ಕರೆಕ್ಟೆಡ್', 'ಇದೇ ಫೈನಲ್' ಸಾಲಾಗಿ ನಿಂತಿದ್ದವು. ಯಾವುದು ಕೊನೆಯದೆಂದು ತಾರೀಕು ನೋಡೋಣವೆಂದರೆ, ಪರಿವರ್ತಿಸಿದ ದಿನವೇ ಎಲ್ಲದಕ್ಕೂ ಬಿದ್ದಿತ್ತು.

"ಬಿಡಿ ಸರ್, ಹೊಸದಾಗಿ ಠರಾವು ಮಾಡಿಬಿಡೋಣ" ಎಂದರು ಖಜಾಂಚಿ ಮೇಡಂ. ಒಂದಷ್ಟು ಕೂಗಾಟವಾಗಿ ಮೂರೂಮುಕ್ಕಾಲಿಗೆ ರಾಜಿಯಾಯಿತು.

"ಈ ಸಲದ ಫೈಲಿಗೆ ಏನ್ ಹೆಸರಿಡ್ತೀರಾ ಅಂಕಲ್?" ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ.

"ಹೆಸರು ಯಾಕಪ್ಪ?" ಎಂದರು ಹುಡುಕಪ್ಪನವರು, ಲ್ಯಾಪ್‌ಟಾಪ್ ಮುಚ್ಚುತ್ತಾ. "ಸರ್ಚ್ ಇದೆಯಲ್ಲ."